ಬಾತುಕೋಳಿ ಎದೆ ಮಾಂಸ: ತಣ್ಣನೆ ಪ್ಯಾನೋ, ಬಿಸಿ ಓವನ್ನೋ, ಸೂ-ವೀಡೋ?

ಎದೆ ಮಾಂಸದ ಮಟ್ಟಿಗೆ ಬಾತುಕೋಳಿಯನ್ನು ಬರೀ ಕೋಳಿ ಅಂದುಕೊಂಡು ಒಲೆಗಿಟ್ಟರೆ ಕೆಟ್ಟಿತು. ಮೇಲೆ ಚರ್ಮ, ಅದರಡಿ ದಪ್ಪನೆ ಕೊಬ್ಬಿನ ಪದರ, ಅದರಡಿ ಕುರಿ ಮಾಂಸದಷ್ಟೇ ಕೆಂಪಗಿರುವ ಖಂಡ. ಕೊಬ್ಬು ಕರಗಿ ಚರ್ಮ ಗರಿಗರಿಯಾಗಬೇಕಾದರೆ ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಕು. ಖಂಡ ಮೆತ್ತಗೆ ಉಳಿಯಬೇಕಾದರೆ ಬೇಗ ಇಳಿಸಬೇಕು. ಈ ಎರಡರ ನಡುವೆ ರಾಜಿ ಮಾಡಿಸುವುದೇ ಅಡುಗೆಯವರ ಕೆಲಸ. ಮೈಸೂರಿನ ಹೋಟೆಲ್ ಕಿಚನ್‌ಗಳಲ್ಲಿ ಇರುವ ಸಾಮಾನಿನಲ್ಲೇ ಮಾಡಬಹುದಾದ ಮೂರು ವಿಧಾನಗಳನ್ನು ಒಂದೇ ಮಾಲು, ಒಂದೇ ತೂಕದ ತುಂಡುಗಳಲ್ಲಿ ಮಾಡಿ ನೋಡಿ ಇಲ್ಲಿ ಪಕ್ಕಪಕ್ಕ ಇಟ್ಟಿದ್ದೇವೆ.

ವಿಧಾನಕ್ಕಿಂತ ಮೊದಲು ಹಕ್ಕಿ. ಮಂಡ್ಯ ಕಡೆ ನಾಲೆ ಬಯಲಿನಲ್ಲಿ ಭತ್ತದ ಕೊಯ್ಲಾದ ಮೇಲೆ ಗದ್ದೆಗೆ ಮೇಯಲು ಬರುವ ಬಾತಿನ ಹಿಂಡುಗಳು ಹೆಚ್ಚಾಗಿ ಮೊಟ್ಟೆಗೆ ಸಾಕಿದವು. ಮೊಟ್ಟೆ ನಿಂತ ಮೇಲೆ ಮಾಂಸಕ್ಕೆ ಮಾರುತ್ತಾರೆ. ನಡೆದು ನಡೆದು ಗಟ್ಟಿಯಾದ ಮೈ, ತೆಳ್ಳನೆ ಎದೆ, ಚರ್ಮದಡಿ ಕೊಬ್ಬು ಕಮ್ಮಿ. ಇದನ್ನು ಗುಲಾಬಿ ಬಣ್ಣದಲ್ಲಿ ಹೋಳು ಮಾಡಿ ಬಡಿಸಲು ಹೊರಟರೆ ಗಿರಾಕಿಗೆ ಅಗಿಯುವುದೇ ಕೆಲಸ. ಇಂಥ ಹಕ್ಕಿಗೆ ಕುಕ್ಕರ್, ಮೆಣಸು, ಕೊತ್ತಂಬರಿ ಬೀಜ, ಪಕ್ಕದಲ್ಲಿ ಮುದ್ದೆ, ಅದೇ ನ್ಯಾಯ. ಎದೆ ತುಂಡಿನ ಪ್ಲೇಟಿಗೆ ಬೇಕಾದ್ದು ಮಾಂಸಕ್ಕೆಂದೇ ಬೆಳೆಸಿದ ಬಿಳಿ ಪೆಕಿನ್ ಜಾತಿ. ಫ್ರೋಜನ್, ವ್ಯಾಕ್ಯೂಮ್ ಪ್ಯಾಕ್‌ನಲ್ಲಿ ಬರುವ ಇದರ ಒಂದು ತುಂಡು 180ರಿಂದ 220 ಗ್ರಾಂ ತೂಗುತ್ತದೆ. ಕೆರೆಗಳಲ್ಲಿ ಈಜುವ ಕಾಡುಬಾತನ್ನು ‘ನಾಟಿ’ ಎಂದು ತಂದು ಕೊಡುವವರೂ ಇದ್ದಾರೆ. ಬಾಗಿಲಲ್ಲೇ ವಾಪಸ್ ಕಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಬೇಟೆ, ಅಡುಗೆಯಲ್ಲ.

ಫ್ರೋಜನ್ ತುಂಡನ್ನು ಹಿಂದಿನ ದಿನವೇ ಫ್ರಿಡ್ಜಿನ ಕೆಳಗಿನ ಶೆಲ್ಫಿಗೆ ಇಳಿಸಿ, ಅಡಿಯಲ್ಲೊಂದು ಟ್ರೇ ಇಡಿ. 5 ಡಿಗ್ರಿಗಿಂತ ಮೇಲೆ ಹೋಗಬಾರದು, ಒಮ್ಮೆ ಕರಗಿದ್ದನ್ನು ಮತ್ತೆ ಫ್ರೀಜರಿಗೆ ಹಾಕಬಾರದು. ಅರಿಶಿನ ಉಪ್ಪು ಹಚ್ಚಿ ನಲ್ಲಿ ಕೆಳಗೆ ತೊಳೆಯುವ ಮನೆಯ ಅಭ್ಯಾಸ ಹೋಟೆಲಿಗೆ ಬೇಡ. ತೊಳೆದರೆ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್‌ನಂಥ ರೋಗಾಣುಗಳು ಸಾಯುವುದಿಲ್ಲ, ಸಿಡಿದ ನೀರಿನ ಜೊತೆ ಪಕ್ಕದ ಸಲಾಡ್ ಬೋರ್ಡಿಗೆ ಹೋಗಿ ಕೂರುತ್ತವೆ. ಪೇಪರ್ ಟವೆಲ್‌ನಲ್ಲಿ ಒತ್ತಿ ಒರೆಸಿ, ಉಳಿದ ಪುಕ್ಕದ ಮೊಳೆಗಳನ್ನು ಚಿಮಟದಲ್ಲಿ ಕೀಳಿ. ಚರ್ಮದ ಮೇಲೆ 4 ಮಿಲಿಮೀಟರಿಗೊಂದರಂತೆ ಅಡ್ಡ ಉದ್ದ ಗೀರು ಹಾಕಿ. ಗೀರು ಕೊಬ್ಬಿನಲ್ಲೇ ನಿಲ್ಲಬೇಕು. ಖಂಡಕ್ಕೆ ತಾಗಿದರೆ ಅಲ್ಲಿಂದ ರಸ ಸೋರಿ ಪ್ಯಾನಿಗೆ ಅಂಟುತ್ತದೆ, ಆ ಜಾಗದಲ್ಲಿ ಚರ್ಮ ಕಿತ್ತು ಬರುತ್ತದೆ. ಫ್ರಿಡ್ಜಿನಿಂದ ಆಗಷ್ಟೇ ತೆಗೆದ ತಣ್ಣನೆ ತುಂಡಿನ ಮೇಲೆ ಚಾಕು ಹಿಡಿತದಲ್ಲಿರುತ್ತದೆ, ಬೆಚ್ಚಗಾದ ಕೊಬ್ಬಿನ ಮೇಲೆ ಜಾರುತ್ತದೆ. ತೂಕದ ಶೇಕಡ 1.2ರಷ್ಟು ಉಪ್ಪು, ಅಂದರೆ 200 ಗ್ರಾಮಿಗೆ ಸುಮಾರು ಎರಡೂವರೆ ಗ್ರಾಂ, ಎರಡೂ ಕಡೆ ಹಚ್ಚಿ, ತಂತಿ ಜಾಲರಿ ಮೇಲೆ ಚರ್ಮ ಮೇಲೆ ಮಾಡಿ, ಮುಚ್ಚದೆ ರಾತ್ರಿಯಿಡೀ ಫ್ರಿಡ್ಜಿನಲ್ಲಿಡಿ. ಬೇಯಿಸಿದ ಪದಾರ್ಥ ಯಾವುದೂ ಅದರ ಕೆಳಗಿರಬಾರದು. ಬೆಳಿಗ್ಗೆ ಚರ್ಮ ಮುಟ್ಟಿದರೆ ಕಾಗದದಂತೆ ಒಣಗಿರುತ್ತದೆ. ಮುಂದಿನ ಮೂರೂ ವಿಧಾನಕ್ಕೆ ಈ ತಯಾರಿ ಒಂದೇ.

ಯಾವ ತಾಪಕ್ಕೆ ಗುರಿ ಇಡಬೇಕು?

ಜಗಳವೆಲ್ಲ ಇಲ್ಲೇ. ಫ್ರೆಂಚ್ ಶೈಲಿಯಲ್ಲಿ ಒಳಗಿನ ತಾಪ 54ರಿಂದ 57 ಡಿಗ್ರಿ, ನಡುವೆ ಕಡುಗುಲಾಬಿ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಕೇಟರಿಂಗ್ ತಪಾಸಣೆ ಪಟ್ಟಿ ಮಾಂಸಾಹಾರಕ್ಕೆ ಕೇಳುವುದು ಒಳಗಿನ ತಾಪ 65 ಡಿಗ್ರಿಯಲ್ಲಿ 10 ನಿಮಿಷ, ಇಲ್ಲವೇ 70ರಲ್ಲಿ 2 ನಿಮಿಷ, ಇಲ್ಲವೇ 75ರಲ್ಲಿ 15 ಸೆಕೆಂಡ್. ಹೆಚ್ಚಿನ ಕಿಚನ್‌ಗಳು ಈ ಮೂರರಲ್ಲಿ ಕೊನೆಯದನ್ನೇ ಹಿಡಿದು ಕೂತಿವೆ. 75ಕ್ಕೆ ಮುಟ್ಟಿದ ಬಾತಿನ ಎದೆ ಬೂದು ಬಣ್ಣದ ಒಣ ಹಲಗೆ. ಮೊದಲನೆಯ ಆಯ್ಕೆಯನ್ನು ಹಿಡಿಯಿರಿ ಅನ್ನುವುದು ನಮ್ಮ ಮಾತು. 65ರಲ್ಲಿ ಹತ್ತು ನಿಮಿಷ ನಿಂತ ತುಂಡು ನಡುವೆ ತಿಳಿಗುಲಾಬಿಯಾಗಿಯೇ ಇರುತ್ತದೆ, ರಸ ಉಳಿಯುತ್ತದೆ, ತಪಾಸಣೆಗೆ ಬಂದವರ ಮುಂದೆ ದಾಖಲೆ ಪುಸ್ತಕವನ್ನೂ ತೆರೆದಿಡಬಹುದು. 57ರ ರುಚಿ ಇದಕ್ಕಿಂತ ಒಂದು ತೂಕ ಹೆಚ್ಚು, ಸುಳ್ಳು ಹೇಳುವುದಿಲ್ಲ. ಆದರೆ ಗರ್ಭಿಣಿಯರು, ಮಕ್ಕಳು, ವಯಸ್ಸಾದವರು ಕೂಡಿ ಕೂರುವ ಫ್ಯಾಮಿಲಿ ಟೇಬಲ್ಲಿಗೆ ಅದನ್ನು ಕಳಿಸುವ ಧೈರ್ಯ ಬೇಡ.

ಇನ್ನೊಂದು ಕಾರಣವೂ ಇದೆ. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲೇ ಹಕ್ಕಿಜ್ವರ ಕಂಡಿತ್ತು. ಬಾತುಕೋಳಿ ಈ ವೈರಸ್ಸನ್ನು ಲಕ್ಷಣ ತೋರಿಸದೆಯೂ ಹೊತ್ತಿರಬಲ್ಲದು. ಸುತ್ತಮುತ್ತ ಹಕ್ಕಿಜ್ವರದ ಸುದ್ದಿ ಇರುವಷ್ಟು ದಿನ ಗುಲಾಬಿ ಎದೆಯನ್ನು ಮೆನುವಿನಿಂದ ತೆಗೆದು, ಎಲ್ಲ ಭಾಗವೂ 70 ಡಿಗ್ರಿ ದಾಟುವ ಗ್ರೇವಿ ಐಟಂಗಳನ್ನು ಮಾತ್ರ ಇಡಿ.

ಇದೆಲ್ಲಕ್ಕೂ ಆಧಾರ ತರ್ಮಾಮೀಟರ್. ಅದನ್ನು ಕುದಿಯುವ ನೀರಿನಲ್ಲಿ ಪರೀಕ್ಷಿಸಿ ‘100 ತೋರಿಸುತ್ತಿಲ್ಲ’ ಎಂದು ತಿರುಪು ತಿರುಗಿಸುವವರುಂಟು. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ ಹತ್ತಿರ ಹತ್ತಿರ 97.5 ಡಿಗ್ರಿಗೆ. 100ಕ್ಕೆ ತಿರುಗಿಸಿಟ್ಟರೆ ಮುಂದೆ ಪ್ರತಿ ತುಂಡೂ ಎರಡೂವರೆ ಡಿಗ್ರಿ ಕಮ್ಮಿ ಬೆಂದಿರುತ್ತದೆ. ಪುಡಿ ಐಸ್ ಮತ್ತು ಸ್ವಲ್ಪ ನೀರು ಬೆರೆಸಿದ ಲೋಟದಲ್ಲಿ 0 ನೋಡುವುದೇ ಭದ್ರ. ಮಾಂಸಕ್ಕೆ ಚುಚ್ಚುವಾಗ ಮೇಲಿನಿಂದಲ್ಲ, ಪಕ್ಕದಿಂದ, ದಪ್ಪ ಭಾಗದ ನಡುವಿಗೆ.

ತಣ್ಣನೆ ಪ್ಯಾನ್

ದಪ್ಪ ತಳದ ಪ್ಯಾನ್, ಎಣ್ಣೆ ಇಲ್ಲ, ಚರ್ಮ ಕೆಳಗೆ. ತುಂಡು ಇಟ್ಟ ಮೇಲೆಯೇ ಒಲೆ ಹಚ್ಚುವುದು. ನಿಧಾನವಾಗಿ ಬಿಸಿ ಏರಿದಾಗ ಚರ್ಮ ಕೆಂಪಾಗುವ ಮುಂಚೆಯೇ ಕೊಬ್ಬು ಕರಗಿ ಹೊರಬರುತ್ತದೆ. ಹೋಟೆಲ್ ಬರ್ನರಿನ ತೊಂದರೆ ಏನೆಂದರೆ ಅದರ ‘ಸಿಮ್’ ಅನ್ನುವುದು ಮನೆ ಒಲೆಯ ಜೋರು ಉರಿ. ಬರ್ನರ್ ಮೇಲೆ ಹಳೆಯ ಕಬ್ಬಿಣದ ಕಾವಲಿ ಒಂದನ್ನು ಇಟ್ಟು, ಅದರ ಮೇಲೆ ಪ್ಯಾನ್ ಇಟ್ಟರೆ ಉರಿ ಹತೋಟಿಗೆ ಬರುತ್ತದೆ. ಕಿವಿಯೂ ಕೆಲಸ ಮಾಡಬೇಕು. ಸಣ್ಣಗೆ, ಒಂದೇ ಸಮ ಚುರುಗುಟ್ಟುತ್ತಿದ್ದರೆ ಸರಿ; ಚಟಪಟ ಸಿಡಿದರೆ ಉರಿ ಹೆಚ್ಚು ಅಥವಾ ಚರ್ಮ ಒದ್ದೆ. ಮೊದಲ ಎರಡು ನಿಮಿಷ ತುಂಡಿನ ಮೇಲೆ ಚಿಕ್ಕ ಪ್ಯಾನ್ ಹೇರಿ, ಇಲ್ಲವಾದರೆ ಅಂಚು ಮುದುರಿ ಮೇಲೇಳುತ್ತದೆ. ನಾಲ್ಕೈದು ನಿಮಿಷಕ್ಕೊಮ್ಮೆ ಕೊಬ್ಬನ್ನು ಬಸಿದು ತೆಗೆಯಿರಿ, ಬಿಟ್ಟರೆ ಪಕ್ಕದ ಖಂಡವೂ ಅದರಲ್ಲಿ ಕರಿಯತೊಡಗುತ್ತದೆ. 14–16 ನಿಮಿಷಕ್ಕೆ ಚರ್ಮ ಅಂಚಿನವರೆಗೂ ಒಂದೇ ಕಂದು ಬಣ್ಣಕ್ಕೆ ಬರುತ್ತದೆ. ತಿರುವಿ ಹಾಕಿ ಒಂದು ನಿಮಿಷ, ಅಷ್ಟೆ.

ಆಗ ಒಳಗಿನ ತಾಪ 53–55ರ ಆಸುಪಾಸು ಇರುತ್ತದೆ. ಹಲವರು ಇಲ್ಲೇ ಇಳಿಸಿ ಹೋಳು ಮಾಡುತ್ತಾರೆ. ನಾವು ಹೇಳುವುದು ಇನ್ನೊಂದು ಹೆಜ್ಜೆ: ಜಾಲರಿ ಮೇಲೆ ಚರ್ಮ ಮೇಲೆ ಮಾಡಿಟ್ಟು 85–90 ಡಿಗ್ರಿಯ ಓವನ್ನಿಗೆ ತಳ್ಳಿ. ಒಳಗೆ 65 ಮುಟ್ಟಿದ ಕ್ಷಣ ಬರೆದಿಟ್ಟುಕೊಂಡು, ಓವನ್ನನ್ನು 70ಕ್ಕೆ ಇಳಿಸಿ, ಅಲ್ಲಿಂದ ಹತ್ತು ನಿಮಿಷ ಎಣಿಸಿ. ಇಷ್ಟು ಕಮ್ಮಿ ಬಿಸಿಯಲ್ಲಿ ಹೊರಭಾಗ ಒಣಗುವುದಿಲ್ಲ, ಹೋಳು ಮಾಡುವ ಮುಂಚೆ ಬೇರೆಯಾಗಿ ರೆಸ್ಟ್ ಕೊಡುವ, ಅಂದರೆ ಸುಮ್ಮನೆ ಬಿಡುವ, ಅಗತ್ಯವೂ ಇಲ್ಲ. 200 ಗ್ರಾಮಿನ ತುಂಡು 145ರ ಸುತ್ತ ಇಳಿಯುತ್ತದೆ. ಹೋದದ್ದರಲ್ಲಿ ಹೆಚ್ಚಿನದು ಕೊಬ್ಬು, ಅದೂ ಡಬ್ಬಿಯಲ್ಲಿ ನಿಮ್ಮ ಕೈಗೇ ಸಿಗುತ್ತದೆ. ಚರ್ಮದ ವಿಷಯದಲ್ಲಿ ಇದನ್ನು ಮೀರಿಸಿದ್ದು ಇನ್ನೊಂದಿಲ್ಲ. ಕೊರತೆ ಒಂದೇ, ಪ್ರತಿ ತುಂಡಿಗೂ ಒಬ್ಬರು ಒಲೆ ಮುಂದೆ ನಿಲ್ಲಬೇಕು. ಒಂದು ಸರದಿಗೆ ಆರೇಳು ಪ್ಲೇಟಿನವರೆಗೆ ಸರಿ, ಅದಕ್ಕೆ ಮೀರಿದರೆ ಆರ್ಡರ್ ಚೀಟಿಗಳು ಸಾಲುಗಟ್ಟುತ್ತವೆ.

ಬಿಸಿ ಪ್ಯಾನ್, ಬಿಸಿ ಓವನ್

ಚಿಕನ್ ಬ್ರೆಸ್ಟ್ ಮಾಡಿ ಅಭ್ಯಾಸವಾದ ಕೈಗೆ ಮೊದಲು ಹೊಳೆಯುವುದು ಇದೇ. ಕಾದ ಪ್ಯಾನಿನಲ್ಲಿ ಮೂರು ನಿಮಿಷ, ಆಮೇಲೆ 200 ಡಿಗ್ರಿ ಓವನ್ನಿನಲ್ಲಿ ಏಳೆಂಟು ನಿಮಿಷ. ನೋಡಲು ಚೆಂದ, ಬೇಗವೂ ಹೌದು. ಕತ್ತರಿಸಿದರೆ ಬಣ್ಣ ಬಯಲು: ಮೇಲೆ ತೆಳುವಾದ ಕಂದು ಚರ್ಮ, ಅದರಡಿ ಕರಗದೆ ಉಳಿದ ಬಿಳಿ ಕೊಬ್ಬು, ಆಮೇಲೆ ಬೂದು ಪಟ್ಟಿ, ನಡುವೆ ಮಾತ್ರ ಗುಲಾಬಿ. ಹೊರಗೆ ತೆಗೆದ ಮೇಲೂ ತಾಪ ಐದಾರು ಡಿಗ್ರಿ ಏರುತ್ತಲೇ ಇರುವುದರಿಂದ ಗುರಿ ತಪ್ಪುವುದೇ ಹೆಚ್ಚು. ಬೆಲ್ಲ ಅಥವಾ ಜೇನಿನ ಮ್ಯಾರಿನೇಡ್ ಹಚ್ಚಿದ್ದರಂತೂ ಮೂರೇ ನಿಮಿಷಕ್ಕೆ ಕರಕಲು. ಶಿಫಾರಸು ಮಾಡುವುದಿಲ್ಲ.

ಸೂ-ವೀಡ್

ವ್ಯಾಕ್ಯೂಮ್ ಕವರಿನಲ್ಲಿ ಕಟ್ಟಿ, ತಾಪ ಕದಲದ ನೀರಿನ ತೊಟ್ಟಿಯಲ್ಲಿ ಬೇಯಿಸುವುದು. 65 ಬೇಕೆಂದು ತೊಟ್ಟಿಯನ್ನೂ 65ಕ್ಕೇ ಇಟ್ಟರೆ ತುಂಡಿನ ನಡುಭಾಗ ಅಲ್ಲಿಗೆ ತಲುಪಲು ಒದ್ದಾಡುತ್ತದೆ, ಆದ್ದರಿಂದ 66 ಇಡಿ. 25 ಮಿಲಿಮೀಟರ್ ದಪ್ಪದ ತುಂಡಿನ ನಡುವೆ ಬಿಸಿ ಮುಟ್ಟಲು ಸುಮಾರು ಒಂದೂಕಾಲು ಗಂಟೆ, 30 ಮಿಲಿಮೀಟರ್ ಆದರೆ ಒಂದೂವರೆ. ಮೇಲೆ ಹತ್ತು ನಿಮಿಷ, ಅದರ ಮೇಲೆ ಅನುಮಾನಕ್ಕೆ ಸ್ವಲ್ಪ. ಒಟ್ಟು ಎರಡು ಗಂಟೆ ಎಂದು ಬೋರ್ಡಿನಲ್ಲಿ ಬರೆದುಬಿಡಿ. ಕವರುಗಳು ಒಂದರ ಮೇಲೊಂದು ಕೂತಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ. ಒಂದು ತೊಟ್ಟಿಗೆ ಎಷ್ಟು ಹಿಡಿಸುತ್ತದೋ ಅಷ್ಟೇ, ನೀರು ಸುತ್ತಲೂ ಆಡಬೇಕು.

57–58 ಡಿಗ್ರಿಯಲ್ಲಿ ಹೆಚ್ಚು ಹೊತ್ತು ಇಟ್ಟು ಸುರಕ್ಷಿತ ಮಾಡುವ ದಾರಿಯೂ ಇದೆ. ಅಮೆರಿಕದ ಕೃಷಿ ಇಲಾಖೆ ಕೋಳಿ ಮತ್ತು ಟರ್ಕಿಗೆ ಕೊಟ್ಟಿರುವ ತಾಪ–ಸಮಯದ ಕೋಷ್ಟಕ ಆರಂಭವಾಗುವುದೇ ಸುಮಾರು 58ರಿಂದ, ನಡುಭಾಗ ಅಲ್ಲಿಗೆ ಮುಟ್ಟಿದ ಮೇಲೆ ಗಂಟೆಗೂ ಮೀರಿ ಕಾಯಬೇಕು. ಲಿಖಿತ ಸುರಕ್ಷತಾ ಯೋಜನೆ, ತಾಪ ದಾಖಲಿಸುವ ಯಂತ್ರ, ಅದನ್ನು ದಿನಾ ನೋಡುವ ಮನುಷ್ಯ ಮೂವರೂ ಇದ್ದರೆ ಮಾತ್ರ ಆ ಕಡೆ ಹೋಗಿ. 54ಕ್ಕಿಂತ ಕೆಳಗೆ ಗಂಟೆಗಟ್ಟಲೆ ಇಡುವುದು ಯಾವ ಲೆಕ್ಕದಲ್ಲೂ ತಪ್ಪು. ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾ 50 ಡಿಗ್ರಿ ದಾಟಿದರೂ ಬೆಳೆಯಬಲ್ಲದು.

ಖಂಡದ ವಿಷಯದಲ್ಲಿ ಸೂ-ವೀಡ್ ಗೆದ್ದಿತು. ಅಂಚಿನಿಂದ ನಡುವಿನವರೆಗೂ ಒಂದೇ ಬಣ್ಣ, ಒಂದೇ ಮೆದು. ಸೋತದ್ದು ಚರ್ಮದಲ್ಲಿ. ಕವರಿನಿಂದ ಹೊರಬಂದ ಚರ್ಮ ಒದ್ದೆ, ಪೇಲವ, ಕೊಬ್ಬು ಹಾಗೇ. ನೇರ ಕಾದ ಪ್ಯಾನಿಗೆ ಹಾಕಿದರೆ ಸಿಡಿಯುತ್ತದೆ, ಗರಿಯಾಗುವಷ್ಟು ಹೊತ್ತು ಬಿಟ್ಟರೆ ಒಳಗಿನ ಬೇಯಿಸಿದ ಲೆಕ್ಕವೆಲ್ಲ ಹಾಳು. ಮದ್ದು ಇಷ್ಟೇ: ಕವರಿಗೆ ಹಾಕುವ ಮುಂಚೆ ತಣ್ಣನೆ ಪ್ಯಾನಿನಲ್ಲಿ ಚರ್ಮದ ಕಡೆ ಮಾತ್ರ ಏಳೆಂಟು ನಿಮಿಷ ಕೊಬ್ಬು ಇಳಿಸಿ, ತಕ್ಷಣ ಫ್ರಿಡ್ಜಿನಲ್ಲಿ ಪೂರ್ತಿ ತಣ್ಣಗಾಗಿಸಿ, ಆಮೇಲೆ ಪ್ಯಾಕ್ ಮಾಡಿ. ಬಡಿಸುವ ಹೊತ್ತಿಗೆ ಒರೆಸಿ ಒಣಗಿಸಿ, ಚರ್ಮದ ಕಡೆ ಮೂರ್ನಾಲ್ಕು ನಿಮಿಷ ಸಾಕು.

ಮದುವೆ ಆರತಕ್ಷತೆ, ಕಾನ್ಫರೆನ್ಸ್ ಊಟ ಎಂದು ಎಂಬತ್ತು ಪ್ಲೇಟ್ ಒಟ್ಟಿಗೆ ಹೋಗಬೇಕಾದರೆ ಇದಕ್ಕೆ ಸಾಟಿಯಿಲ್ಲ. ಆದರೆ ಮುಂಚಿತವಾಗಿ ಮಾಡಿಡುವುದರಲ್ಲೇ ಅಪಾಯವೂ ಇದೆ. ತೊಟ್ಟಿಯಿಂದ ತೆಗೆದ ಕವರುಗಳು ಅರ್ಧಕ್ಕರ್ಧ ಐಸ್ ಇರುವ ನೀರಿಗೆ ಹೋಗಬೇಕು. 60ರಿಂದ 21ಕ್ಕೆ ಎರಡು ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಮತ್ತೆರಡು ಗಂಟೆಯೊಳಗೆ ಇಳಿಯಬೇಕು. ಏಪ್ರಿಲ್ ತಿಂಗಳ ಕಿಚನ್ನಿನಲ್ಲಿ ಬಕೆಟ್ಟಿನ ಐಸ್ ಕಣ್ಣೆದುರೇ ಕರಗುತ್ತದೆ, ಒಬ್ಬರಿಗೆ ಅದೇ ಕೆಲಸ ಹಚ್ಚಿ. ಗಾಳಿಯಿಲ್ಲದ ಕವರಿನಲ್ಲಿ ಬೊಟುಲಿನಮ್ ಎಂಬ ವಿಷಕಾರಿ ಬ್ಯಾಕ್ಟೀರಿಯಾದ ಭಯ ಇರುವುದರಿಂದ 3 ಡಿಗ್ರಿಗಿಂತ ಕೆಳಗಿಟ್ಟು ಎರಡು ದಿನದಲ್ಲಿ ಮುಗಿಸಿ. ಕವರ್ ಮೇಲೆ ದಿನಾಂಕ, ಗಂಟೆ, ತಾಪ ಬರೆಯದಿದ್ದರೆ ಅದು ಕಸದ ಡಬ್ಬಿಗೆ. ಹೀಗೆ ತಣ್ಣಗಾಗಿಸಿದ್ದನ್ನು ಮತ್ತೆ ಬಿಸಿ ಮಾಡುವಾಗ ಅದೇ ತಪಾಸಣೆ ಪಟ್ಟಿ ಕೇಳುವುದು 75 ಡಿಗ್ರಿ, ಎರಡು ನಿಮಿಷ. ಅಲ್ಲಿಗೆ ಗುಲಾಬಿ ಹೋಯಿತು. ಹಾಗಾಗಿ ಸಾಧ್ಯವಾದರೆ ತಣ್ಣಗಾಗಿಸಲೇ ಬೇಡಿ. ಊಟದ ಹೊತ್ತಿಗೆ ಹೊಂದಿಸಿ ತೊಟ್ಟಿಗಿಳಿಸಿ, ಬಡಿಸುವವರೆಗೂ 66ರಲ್ಲೇ ಬಿಡಿ. ನಾಲ್ಕು ಗಂಟೆ ಮೀರಿದರೆ ಖಂಡ ಹಿಟ್ಟುಹಿಟ್ಟಾಗುತ್ತದೆ.

ಹೋಳು ಮಾಡುವಾಗ ಚರ್ಮ ಕೆಳಗೆ ಮಾಡಿ, ಎಳೆಗೆ ಅಡ್ಡವಾಗಿ 7–8 ಮಿಲಿಮೀಟರ್. ಮೇಲಿನಿಂದ ಕುಯ್ದರೆ ಗರಿ ಚರ್ಮ ಒಡೆದು ಖಂಡದೊಳಗೆ ಕುಸಿಯುತ್ತದೆ. ಹಸಿ ತುಂಡಿಟ್ಟ ಬೋರ್ಡ್, ಚಾಕು, ಇಕ್ಕಳ ಇಲ್ಲಿ ಕಾಣಿಸಿಕೊಳ್ಳಬಾರದು. ಸಾಸ್ ಪ್ಲೇಟಿನ ತಳಕ್ಕೆ, ಚರ್ಮದ ಮೇಲಲ್ಲ.

ಸಾಸಿನಲ್ಲೂ ಎರಡು ಪಕ್ಷ. ಕಿತ್ತಳೆ ಸಾಸ್ ಎಲ್ಲರೂ ಬಲ್ಲದ್ದು, ನಮ್ಮ ನಾಲಿಗೆಗೆ ಸಿಹಿ ಮುಂದು, ಹುಳಿ ಹಿಂದು. ಅದಕ್ಕಿಂತ ಮಂಡ್ಯದ ಬೆಲ್ಲ, ಕೊಡಗಿನ ಕಾಚಂಪುಳಿ (ಕಪ್ಪನೆ ಹುಳಿ ರಸ) ಜೋಡಿ ಕೊಬ್ಬಿನ ಜಿಡ್ಡನ್ನು ಚೆನ್ನಾಗಿ ಮುರಿಯುತ್ತದೆ. ನಾಲ್ಕು ಪ್ಲೇಟಿಗೆ 300 ಮಿಲಿಲೀಟರ್ ಬಾತಿನ ಮೂಳೆ ಸ್ಟಾಕ್ ಅನ್ನು 100ಕ್ಕೆ ಬತ್ತಿಸಿ, 20 ಗ್ರಾಂ ಬೆಲ್ಲ, ಕುಟ್ಟಿದ ಮೆಣಸು 2 ಗ್ರಾಂ, ಒಲೆ ಆರಿಸಿದ ಮೇಲೆ ಒಂದು ಟೀ ಚಮಚ ಕಾಚಂಪುಳಿ. ಎರಡನೇ ಚಮಚ ಹಾಕುವ ಮೊದಲು ರುಚಿ ನೋಡಿ, ಅದು ಬಲು ತೀಕ್ಷ್ಣ. ಉಪ್ಪು ಕೊನೆಗೆ, ಮಾಂಸದಲ್ಲೇ ಸಾಕಷ್ಟಿರುತ್ತದೆ.

ಬಸಿದಿಟ್ಟ ಕೊಬ್ಬನ್ನು ಬಟ್ಟೆಯಲ್ಲಿ ಸೋಸಿ, ಮುಚ್ಚಿ, ಫ್ರಿಡ್ಜಿನಲ್ಲಿಡಿ. ಆಲೂಗಡ್ಡೆ ಹುರಿಯಲು ಅದರಷ್ಟು ಒಳ್ಳೆಯದು ಸಿಗದು. ಡಬ್ಬಿಯ ಮೇಲೆ ‘ಬಾತುಕೋಳಿ ಕೊಬ್ಬು, ನಾನ್‌ವೆಜ್’ ಎಂದು ದಪ್ಪಕ್ಷರದಲ್ಲಿ ಬರೆದು, ವೆಜ್ ಸೆಕ್ಷನ್ನಿನ ಕಪಾಟಿನಿಂದ ದೂರವಿಡಿ. ಆ ಆಲೂಗಡ್ಡೆಯನ್ನು ವೆಜ್ ಫ್ರೈಯರಿಗೆ ಎಂದೂ ಹಾಕಬೇಡಿ.