ವಿಎಚ್‌ಎಫ್ ಡಿಜಿಟಲ್ ವಾಕಿಟಾಕಿ ಮತ್ತು ರಿಪೀಟರ್: ಹಲವು ಮಳೆಗಾಲಗಳ ಬಳಕೆಯ ನಂತರ

ಚಿತ್ರದುರ್ಗ ಜಿಲ್ಲೆಯ ಕೆರೆಗಳಲ್ಲಿ, ಕಲ್ಲುಕ್ವಾರಿಯ ಹೊಂಡಗಳಲ್ಲಿ ಮತ್ತು ರಾಷ್ಟ್ರೀಯ ಹೆದ್ದಾರಿ 48ರ ಅಪಘಾತಗಳಲ್ಲಿ ಅಗ್ನಿಶಾಮಕ ದಳದವರ ಜೊತೆ ಕೈಜೋಡಿಸುವ ಸ್ವಯಂಸೇವಕ ತಂಡವೊಂದರಲ್ಲಿ ಸಂಪರ್ಕದ ಹೊಣೆ ನನ್ನದು. ನಮ್ಮ ಬಳಿ ಇರುವುದು 136ರಿಂದ 174 ಮೆಗಾಹರ್ಟ್ಸ್ ವ್ಯಾಪ್ತಿಯ, 5 ವಾಟ್ ಶಕ್ತಿಯ ಡಿಎಂಆರ್ (ಡಿಜಿಟಲ್ ಮೊಬೈಲ್ ರೇಡಿಯೊ) ಕೈಸೆಟ್‌ಗಳು, ವಾಹನಗಳಲ್ಲಿ 25 ವಾಟ್‌ನ ಸೆಟ್‌ಗಳು ಮತ್ತು ಊರ ಪಕ್ಕದ ಗುಡ್ಡದ ಮೇಲೊಂದು ರಿಪೀಟರ್, ಅಂದರೆ ಒಂದು ಸೆಟ್‌ನ ಮಾತನ್ನು ಹಿಡಿದು ದೂರದ ಸೆಟ್‌ಗಳಿಗೆ ಮರುಪ್ರಸಾರ ಮಾಡುವ ಯಂತ್ರ. ಇಷ್ಟು ಕಾಲ ಬಳಸಿದ ಮೇಲೆ ಇಂಥದ್ದೇ ಕೆಲಸ ಮಾಡುವ ತಂಡಗಳಿಗೆ ಈ ವ್ಯವಸ್ಥೆಯನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಆದರೆ ಡಬ್ಬಿಯ ಮೇಲೆ ಅಚ್ಚಾದ ಕಿಲೋಮೀಟರ್ ಲೆಕ್ಕವನ್ನು ನೋಡಿ ಕೊಳ್ಳುವವರಿಗೆ ನಿರಾಸೆ ಖಂಡಿತ. ಈ ಸೆಟ್‌ಗಳ ನಿಜವಾದ ಬೆಲೆ ತಿಳಿಯುವುದು ರಿಪೀಟರ್ ಸಿಗದ ಜಾಗದಲ್ಲಿ.

ಮೊದಲು ನಾವು ಸಿಮ್ ಹಾಕಿ ಬಳಸುವ ವಾಕಿಟಾಕಿಗಳನ್ನೂ ಇಟ್ಟುಕೊಂಡಿದ್ದೆವು. ಅವುಗಳ ಧ್ವನಿ ಸ್ಪಷ್ಟ, ದೂರದ ಮಿತಿಯಿಲ್ಲ, ದಾವಣಗೆರೆಯಲ್ಲಿ ಕುಳಿತವರ ಜೊತೆಗೂ ಮಾತಾಡಬಹುದು. ಆದರೆ ಅವು ನಿಂತಿರುವುದು ಮೊಬೈಲ್ ಟವರ್‌ನ ಮೇಲೆ. ಗಾಳಿಮಳೆಗೆ ಕರೆಂಟ್ ಹೋಗಿ, ಟವರ್‌ನ ಬ್ಯಾಟರಿಯೂ ಖಾಲಿಯಾದ ಒಂದು ರಾತ್ರಿ ಹಿರಿಯೂರು ತಾಲ್ಲೂಕಿನ ಹಳ್ಳವೊಂದರ ದಡದಲ್ಲಿ ಅಷ್ಟೂ ಸೆಟ್‌ಗಳು ಒಟ್ಟಿಗೆ ಮೂಕವಾದವು. ಟವರ್ ನಿಂತಿದ್ದರೂ ಅಪಘಾತದ ಸ್ಥಳದಲ್ಲಿ ನೆರೆದ ಜನರೆಲ್ಲ ಒಮ್ಮೆಗೇ ಫೋನ್ ಹಿಡಿದರೆ ಕರೆ ಸಿಗುವುದು ಕಷ್ಟ. ಕಚೇರಿ ಕೆಲಸಕ್ಕೆ, ಬಂದೋಬಸ್ತಿಗೆ ಅವು ಸಾಕು. ಜೀವದ ಪ್ರಶ್ನೆ ಇರುವ ಕಡೆ ಅವುಗಳೊಂದನ್ನೇ ನಂಬಬಾರದು.

ರಿಪೀಟರ್ ಸಿಗದ ಜಾಗಕ್ಕೆ ವಾಣಿವಿಲಾಸ ಸಾಗರದ ಉದಾಹರಣೆ ನೋಡಿ. ಎರಡು ಗುಡ್ಡಗಳ ನಡುವಿನ ಕಣಿವೆಗೆ ಅಡ್ಡವಾಗಿ ವೇದಾವತಿಗೆ ಕಟ್ಟಿದ ಅಣೆಕಟ್ಟು ಅದು. ಊರಿನವರು ಮಾರಿಕಣಿವೆ ಎಂದೇ ಕರೆಯುತ್ತಾರೆ. 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಜನಸಾಗರವೇ ಅಲ್ಲಿಗೆ ಹರಿದು ಬಂದಿತ್ತು. ಏರಿಯ ಮೇಲೆ ನಿಂತರೆ ನಮ್ಮ ರಿಪೀಟರ್ ಚೆನ್ನಾಗಿ ಸಿಗುತ್ತದೆ. ಕೆಳಗಿನ ಕಣಿವೆಗೆ ಇಳಿದರೆ ಗುಡ್ಡ ಅಡ್ಡವಾಗಿ, ಗುಂಡಿ ಒತ್ತಿದಾಗ ಒಪ್ಪಿಗೆಯ ಸದ್ದಿನ ಬದಲು ನಿರಾಕರಣೆಯ ಸದ್ದು ಬರುತ್ತದೆ. ಆಗ ನೆರವಿಗೆ ಬರುವುದು ನೇರ ಚಾನೆಲ್: ರಿಪೀಟರ್‌ನ ಹಂಗಿಲ್ಲದೆ ಸೆಟ್‌ನಿಂದ ಸೆಟ್‌ಗೆ ಮಾತು. ಕೆಳಗಿನವರು ನೇರ ಚಾನೆಲ್‌ನಲ್ಲಿ ಮಾತಾಡುತ್ತಾರೆ, ಏರಿಯ ಮೇಲೆ ಎರಡು ಸೆಟ್ ಹಿಡಿದು ನಿಂತವರು ಅದನ್ನು ರಿಪೀಟರ್‌ಗೆ ದಾಟಿಸುತ್ತಾರೆ. ಚಾನೆಲ್ ತಿರುಗಿಸುವ ಗುಬ್ಬಿಯ ಕೊನೆಯ ಸ್ಥಾನದಲ್ಲಿ ನೇರ ಚಾನೆಲ್ ಇರಲಿ ಎಂದು ನಾವು ಪಟ್ಟು ಹಿಡಿದು ಬರೆಸಿಕೊಂಡೆವು. ಕತ್ತಲಲ್ಲಿ, ಒದ್ದೆ ಕೈಗವಸಿನಲ್ಲಿ, ಗುಬ್ಬಿಯನ್ನು ಕೊನೆಯವರೆಗೆ ತಿರುಗಿಸಿದರೆ ಸಾಕು, ನೋಡುವ ಅಗತ್ಯವೇ ಇಲ್ಲ.

ರಿಪೀಟರ್ ಇದ್ದರಷ್ಟೇ ಸಾಲದು ಎಂಬುದಕ್ಕೆ ನ್ಯೂಯಾರ್ಕ್‌ಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 2001ರ ಸೆಪ್ಟೆಂಬರ್ 11ರಂದು ವಿಶ್ವ ವ್ಯಾಪಾರ ಕೇಂದ್ರದಲ್ಲಿ ಅಗ್ನಿಶಾಮಕ ದಳಕ್ಕೆಂದೇ ರಿಪೀಟರ್ ಇತ್ತು. ಅದರ ಫಲಕದಲ್ಲಿದ್ದ ಎರಡು ಗುಂಡಿಗಳಲ್ಲಿ ಒಂದನ್ನು ಮಾತ್ರ ಒತ್ತಲಾಗಿತ್ತು. ಪರೀಕ್ಷಿಸಿದ ಅಧಿಕಾರಿಗಳು ರಿಪೀಟರ್ ಕೆಟ್ಟಿದೆ ಎಂದು ತಿಳಿದು ಉತ್ತರ ಗೋಪುರದಲ್ಲಿ ಅದನ್ನು ಬಿಟ್ಟರು. ಪಕ್ಕದ ದಕ್ಷಿಣ ಗೋಪುರದಲ್ಲಿ ಅದೇ ರಿಪೀಟರ್ ಕೆಲಸ ಮಾಡಿತು. ಇದನ್ನು ಓದಿದ ಮೇಲೆ ನಮ್ಮಲ್ಲಿ ಪ್ರತಿ ಅಭ್ಯಾಸದ ಅರ್ಧ ಹೊತ್ತು ರಿಪೀಟರ್ ಬಂದ್ ಮಾಡಿಯೇ ನಡೆಯುತ್ತದೆ.

ಧ್ವನಿಯ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹಳೆಯ ಅನಲಾಗ್ ಸೆಟ್‌ನಲ್ಲಿ ದೂರ ಹೋದಂತೆ ಗರಗರ ಹೆಚ್ಚಾಗುತ್ತದೆ, ಸಂಪರ್ಕ ಕೈ ತಪ್ಪುತ್ತಿದೆ ಎಂದು ಕಿವಿಗೇ ಗೊತ್ತಾಗುತ್ತದೆ. ಡಿಜಿಟಲ್‌ನಲ್ಲಿ ಕೊನೆಯ ಹೆಜ್ಜೆಯವರೆಗೂ ಮಾತು ಸ್ವಚ್ಛ, ಅದರಾಚೆ ಪೂರ್ತಿ ಮೌನ, ಎಚ್ಚರಿಕೆ ಸಿಗುವುದಿಲ್ಲ. ಇನ್ನೊಂದು ತೊಡಕು ಗದ್ದಲದ್ದು. ಮನುಷ್ಯನ ಮಾತನ್ನು ಅಂಕಿಗಳಾಗಿ ಕುಗ್ಗಿಸುವ ತಂತ್ರಾಂಶಕ್ಕೆ ಪಂಪ್‌ಸೆಟ್, ಜೆಸಿಬಿ, ಧುಮ್ಮಿಕ್ಕುವ ನೀರಿನ ಸದ್ದುಗಳು ಬೆರೆತಾಗ ಮಾತು ಕಲಸಿಹೋಗುತ್ತದೆ. ಮೈಕನ್ನು ಬಾಯಿಂದ ಎರಡು ಬೆರಳಿನಷ್ಟು ದೂರದಲ್ಲಿ, ಸದ್ದಿಗೆ ಬೆನ್ನು ಮಾಡಿ ಹಿಡಿದರೆ ಬಹುಪಾಲು ಸರಿಹೋಗುತ್ತದೆ. ಕಿರುಚಿದರೆ ಇನ್ನಷ್ಟು ಕೆಡುತ್ತದೆ. ಗುಂಡಿಯನ್ನು ಬೇಗ ಬಿಟ್ಟರೆ ವಾಕ್ಯದ ತುದಿ ಕತ್ತರಿಸುತ್ತದೆ, ‘ಹಗ್ಗ ಬಿಡಬೇಡಿ’ ಎಂದದ್ದು ‘ಹಗ್ಗ ಬಿಡ’ ಎಂದಷ್ಟೇ ಕೇಳುತ್ತದೆ. ಹಾಗಾಗಿ ನಮ್ಮವರು ಈಗ ‘ಹಗ್ಗ ಗಟ್ಟಿ ಹಿಡೀರಿ’ ಎಂದೇ ಹೇಳುತ್ತಾರೆ. ನೀರಿನೊಳಗೆ ಈ ಅಲೆಗಳು ಹೋಗುವುದಿಲ್ಲವಾದ್ದರಿಂದ ಮುಳುಗಿದ ಈಜುಗಾರನಿಗೂ ದಡಕ್ಕೂ ಇರುವ ಸಂಪರ್ಕ ಹಗ್ಗವೊಂದೇ. ಆ ಹಗ್ಗ ಹಿಡಿದವರಿಗೆ ಬರುವ ಸೂಚನೆಯಲ್ಲಿ ಅರ್ಧ ಅಕ್ಷರವೂ ಕಳೆಯಬಾರದು.

ಡಿಎಂಆರ್‌ನಲ್ಲಿ 12.5 ಕಿಲೋಹರ್ಟ್ಸ್‌ನ ಒಂದೇ ಚಾನೆಲ್ ಎರಡು ಸರದಿಗಳಾಗಿ ಹಂಚಿಕೆಯಾಗುವುದರಿಂದ, ರಿಪೀಟರ್ ಮೂಲಕ ದಡದ ತಂಡವೂ ಆಂಬುಲೆನ್ಸ್ ತಂಡವೂ ಒಂದಕ್ಕೊಂದು ಅಡ್ಡಬಾರದೆ ಮಾತಾಡಬಹುದು. ಇದು ನಮಗೆ ಬಹಳ ಉಪಕಾರವಾಗಿದೆ.

ಬ್ಯಾಟರಿಯ ಗಂಟೆಗಳನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಆ ಲೆಕ್ಕ ಸಾಮಾನ್ಯವಾಗಿ ಶೇ 5 ಮಾತು, ಶೇ 5 ಆಲಿಕೆ, ಶೇ 90 ಸುಮ್ಮನಿರುವಿಕೆಯ ಮೇಲೆ ನಿಂತಿರುತ್ತದೆ. ಕಾರ್ಯಾಚರಣೆಯಲ್ಲಿ ಯಾರೂ ಅಷ್ಟು ಸುಮ್ಮನಿರುವುದಿಲ್ಲ. ಸೆಟ್‌ಗೊಂದು ಹೆಚ್ಚುವರಿ ಬ್ಯಾಟರಿ ಕಡ್ಡಾಯ. ಸೆಟ್‌ನ ಐಪಿ67 ಗುರುತು ಎಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುತ್ತದೆ ಎಂದರ್ಥ, ತೇಲುತ್ತದೆ ಎಂದಲ್ಲ. ದಾರ ಕಟ್ಟದ ಸೆಟ್ ಕೆರೆಗೆ ಬಿದ್ದರೆ ಹೋಯಿತು. ಸ್ಪೀಕರ್ ಮೈಕ್ ಸಿಕ್ಕಿಸುವ ಕಿಂಡಿಯ ರಬ್ಬರ್ ಮುಚ್ಚಳ ಸಡಿಲವಾದರೆ ಆ ರಕ್ಷಣೆಯೂ ಇಲ್ಲ. ನಮ್ಮಲ್ಲಿ ಮೊದಲು ಹಾಳಾದದ್ದು ಆ ಮುಚ್ಚಳಗಳು, ನಂತರ ಮೈಕಿನ ಸುರುಳಿ ವೈರು. ಸೆಟ್‌ಗಳು ಗಟ್ಟಿ; ಬಂಡೆಯ ಮೇಲೆ ಬಿದ್ದವೂ ಇಂದಿಗೂ ನಡೆಯುತ್ತಿವೆ.

ಪೊಲೀಸ್, ಅಗ್ನಿಶಾಮಕ, 108 ಆಂಬುಲೆನ್ಸ್‌ಗಳ ಸಂಪರ್ಕ ವ್ಯವಸ್ಥೆಗಳು ಬೇರೆ ಬೇರೆ. ಅವುಗಳ ತರಂಗಾಂತರಕ್ಕೆ ನಮ್ಮ ಸೆಟ್ ತಿರುಗಿಸುವ ಹಕ್ಕು ನಮಗಿಲ್ಲ. ಆದ್ದರಿಂದ ಸ್ಥಳಕ್ಕೆ ಬರುವ ಅಗ್ನಿಶಾಮಕ ಠಾಣಾಧಿಕಾರಿಯವರ ಪಕ್ಕದಲ್ಲಿ ಸೆಟ್ ಹಿಡಿದ ನಮ್ಮ ಒಬ್ಬರನ್ನು ನಿಲ್ಲಿಸುತ್ತೇವೆ. ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಇನ್ನೂ ಕಂಡಿಲ್ಲ. ಇನ್ನು ಪರವಾನಗಿ: ಇಂಥ ಸೆಟ್‌ಗಳಿಗೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ (ನಿಸ್ತಂತು ಯೋಜನೆ ಮತ್ತು ಸಮನ್ವಯ) ವಿಭಾಗದ ಅನುಮತಿ ಬೇಕೇ ಬೇಕು. ಪರವಾನಗಿ ಬೇಡದ್ದು 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ಸೆಟ್‌ಗಳಿಗೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವುದನ್ನೆಲ್ಲ ಆ ಗುಂಪಿಗೆ ಸೇರಿಸಬೇಡಿ.

ನನ್ನ ದೊಡ್ಡ ದೂರು ಮಾರಾಟದ ನಂತರದ ಸೇವೆಯ ಬಗ್ಗೆ. ಚಾನೆಲ್‌ಗಳ ಕಡತಕ್ಕೆ ಮಾರಾಟಗಾರರು ತಮ್ಮದೇ ಗುಪ್ತಪದ ಹಾಕಿದ್ದರಿಂದ, ಸಣ್ಣದೊಂದು ಬದಲಾವಣೆಗೂ ಸೆಟ್‌ಗಳನ್ನು ಮೂಟೆ ಕಟ್ಟಿ ಬೆಂಗಳೂರಿಗೆ ಕಳುಹಿಸಬೇಕಾಯಿತು. ಅಷ್ಟು ದಿನ ತಂಡ ಅರ್ಧ ಕಿವುಡಾಗಿತ್ತು. ಹಣ ಕೊಡುವ ಮೊದಲೇ ಆ ಕಡತದ ಪ್ರತಿಯನ್ನೂ ಗುಪ್ತಪದವನ್ನೂ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಹಣ ಸೀಮಿತವಾಗಿದ್ದರೆ ಕೈಸೆಟ್‌ಗಳ ಸಂಖ್ಯೆಯನ್ನು ಕಡಿಮೆ ಮಾಡಿ, ಗುಡ್ಡದ ಮೇಲಿನ ಬ್ಯಾಟರಿ, ಸೌರಫಲಕ ಮತ್ತು ಸಿಡಿಲು ತಡೆಗೆ ಮೊದಲು ಖರ್ಚು ಮಾಡಿ. ಮುಂಗಾರಿಗೆ ಮುನ್ನ ಕರೆಂಟ್ ತಂತಿ ಕಿತ್ತು, ರಿಪೀಟರ್ ಬ್ಯಾಟರಿಯ ಮೇಲೆ ಒಂದು ಪೂರ್ತಿ ರಾತ್ರಿ ನಡೆಯುತ್ತದೆಯೇ ಎಂದು ನೋಡಿಕೊಳ್ಳಿ.