ಮೊದಲು ಯಾವುದನ್ನು ಓದಲಿ?

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಗೆಳತಿ ಕೇಳಿದಳು: ‘ಅಮೆರಿಕನ್ ಡರ್ಟ್’ ಓದಲಾ, ‘ದಿ ಬೀಕೀಪರ್ ಆಫ್ ಅಲೆಪ್ಪೊ’ ಓದಲಾ?

ಎರಡೂ ಊರು ಬಿಟ್ಟು ಓಡುವವರ ಇಂಗ್ಲಿಷ್ ಕಾದಂಬರಿಗಳು. ಮೊದಲನೆಯದು 2020ರದು. ಮೆಕ್ಸಿಕೊದ ಅಕಾಪುಲ್ಕೊದಲ್ಲಿ ಡ್ರಗ್ಸ್ ದಂಧೆಯವರು ಮನೆಮಂದಿಯನ್ನು ಕೊಂದ ಮೇಲೆ ಲಿಡಿಯಾ ಮಗನ ಕೈಹಿಡಿದು ಅಮೆರಿಕದ ಗಡಿಯತ್ತ ಓಡುತ್ತಾಳೆ. ಗೂಡ್ಸ್ ರೈಲಿನ ನೆತ್ತಿಯ ಮೇಲೆ ಕೂತು! ಪುಸ್ತಕ ಕೆಳಗಿಡಲು ಮನಸ್ಸಾಗುವುದಿಲ್ಲ. ಆದರೆ ಮೆಕ್ಸಿಕೊ ಮೂಲದ ಹಲವು ಲೇಖಕರು ಇದು ನಮ್ಮವರ ನಿಜ ಚಿತ್ರವಲ್ಲ ಎಂದರು. ಆ ಮಾತನ್ನೂ ಕೇಳಿಸಿಕೊಂಡೇ ಓದಬೇಕು.

2019ರ ಎರಡನೆಯದು ನಿಧಾನ. ಜೇನು ಸಾಕುವ ನೂರಿ, ಕಣ್ಣು ಕಾಣದಾದ ಹೆಂಡತಿ ಅಫ್ರಾ, ತೀರಿಕೊಂಡ ಮಗ. ಸಿರಿಯಾ ಬಿಟ್ಟು ಟರ್ಕಿ, ಗ್ರೀಸ್ ದಾಟಿ ಇಂಗ್ಲೆಂಡ್ ತಲುಪುತ್ತಾರೆ. ಅಲ್ಲಿಗೆ ಎಲ್ಲ ಮುಗಿಯುವುದಿಲ್ಲ, ಅಲ್ವಾ? ಮನಸ್ಸು ಊರಲ್ಲೇ ಉಳಿದಿರುತ್ತದೆ. ನಾಡು ಬಿಟ್ಟು ಬಂದು ಬೈಲಕುಪ್ಪೆಯಲ್ಲಿ ನೆಲೆಸಿದ ಹಿರಿಯ ಟಿಬೆಟನ್ನರನ್ನು ಕಂಡಿರುವ ನಮ್ಮ ಮೈಸೂರಿನವರಿಗೆ ಇದು ಜಾಸ್ತಿ ತಟ್ಟುತ್ತದೆ. ಅವಳ ಕೈಗೆ ಇದನ್ನೇ ಕೊಟ್ಟೆ.