ಪೂಲ್ ಕ್ಯೂ ಕೊಳ್ಳುವವರೇ, ಜಾಯಿಂಟಿನ ಮಾತು ಕೇಳಿ ದುಡ್ಡು ಸುರಿಯಬೇಡಿ

ಪೂಲ್ ಆಡೋಕೆ ಸ್ವಂತಕ್ಕೊಂದು ಕ್ಯೂ, ಅಂದರೆ ಬಾಲ್ ಹೊಡೆಯುವ ಕೋಲು, ಬೇಕು ಅಂತ ದುಡ್ಡು ಕೂಡಿಡುತ್ತಿರುವ ಮೈಸೂರಿನ ಹುಡುಗರಿಗೆ ಇದನ್ನು ಬರೆಯುತ್ತಿದ್ದೇನೆ. ನನ್ನ ಕೈಯಿಂದ ಹೋದದ್ದು 7,500 ರೂಪಾಯಿ. ಅದಕ್ಕಿಂತ ಜಾಸ್ತಿ ನೋವು ಅಂದ್ರೆ, ಚೆನ್ನಾಗಿದ್ದ ಕ್ಯೂ ಒಂದನ್ನು ನನ್ನ ಕೈಯಾರೆ ಹಾಳು ಮಾಡಿಕೊಂಡೆ.

ನಾನು ಆಡುವುದು ಕುವೆಂಪುನಗರದ ಒಂದು ಪಾರ್ಲರಿನಲ್ಲಿ. ಹೋದ ವರ್ಷ ಸೆಕೆಂಡ್ ಹ್ಯಾಂಡಿನಲ್ಲಿ 18,000 ಕೊಟ್ಟು ಒಂದು ಕ್ಯೂ ಕೊಂಡೆ. ಮೇಪಲ್ ಮರ, 19 ಔನ್ಸ್ ತೂಕ, ನಡುವೆ ಎರಡು ತುಂಡು ಸೇರುವ ಕಡೆ ಸ್ಟೀಲ್ ಜಾಯಿಂಟ್. ಹಿಂದಿನ ದಪ್ಪ ತುಂಡಾದ ಬಟ್ಟಿನಿಂದ ಸ್ಕ್ರೂ ಥರದ ಪಿನ್ ಹೊರಗೆ ಬಂದಿರುತ್ತದೆ, ಮುಂದಿನ ಸಣ್ಣ ತುಂಡಾದ ಶಾಫ್ಟಿನೊಳಗೆ ಹಿತ್ತಾಳೆಯ ಥ್ರೆಡ್ ಇರುತ್ತದೆ. ಶಾಫ್ಟಿನ ತುದಿಯ ಸಣ್ಣ ಕುತ್ತಿಗೆ ಬಟ್ಟಿನ ಸ್ಟೀಲ್ ಕಾಲರಿನ, ಅಂದರೆ ಬಳೆಯ, ಒಳಗೆ ಹೋಗಿ ಬಿಗಿಯಾಗಿ ಕೂರುತ್ತದೆ. ಅಮೆರಿಕದ ಬಲಬುಷ್ಕಾ ಮಾಡುತ್ತಿದ್ದ ಹೆಸರಾಂತ ಕ್ಯೂಗಳಲ್ಲೂ ಇದೇ ಬಗೆಯ ಜಾಯಿಂಟ್. ನಾಲ್ಕು ತಿಂಗಳು ಆಡಿದೆ, ಒಂದು ದಿನವೂ ತೊಂದರೆ ಕೊಡಲಿಲ್ಲ.

ಆಮೇಲೆ ಪಾರ್ಲರಿನಲ್ಲಿ ಮಾತು ಶುರುವಾಯಿತು. 'ಸ್ಟೀಲ್ ಜಾಯಿಂಟಾ? ಹೊಡೆತ ಗಟ್ಟಿ ಗುರೂ. ಮರಕ್ಕೆ ಮರ ಕೂತರೇನೇ ಫೀಲು' ಅಂತ ಒಬ್ಬ. ಅಂದರೆ ಸ್ಟೀಲ್ ಕಾಲರ್ ಇಲ್ಲದೆ ಎರಡೂ ತುಂಡಿನ ಮರವೇ ಒಂದಕ್ಕೊಂದು ತಾಗಿ ಕೂರುವ ಜಾಯಿಂಟ್. ಇನ್ನೊಬ್ಬ ಫಿನಾಲಿಕ್ ಅಂದ, ಅದು ಗಟ್ಟಿ ಪ್ಲಾಸ್ಟಿಕ್ ಥರದ್ದು. ದಿನಾ ಇದನ್ನೇ ಕೇಳಿ ಕೇಳಿ ನನಗೂ ಹಾಗೇ ಅನ್ನಿಸತೊಡಗಿತು. ಬಾಲ್ ತಪ್ಪಿದಾಗಲೆಲ್ಲ ಜಾಯಿಂಟ್ ನೋಡುತ್ತಿದ್ದೆ.

ಬೇರೆ ಊರಿನ ಒಬ್ಬ ಮಾರಾಟಗಾರನಿಗೆ ಫೋನ್ ಮಾಡಿದೆ. 'ನಿಮ್ಮ ಪಿನ್ ಎಷ್ಟು?' ಅಂದ. 5/16 ಅಂದೆ. 'ಸರಿ ಬ್ರದರ್, ಕೂರುತ್ತೆ. ಫಿನಾಲಿಕ್ ಕಾಲರಿನ ಶಾಫ್ಟ್ ಕಳಿಸ್ತೀನಿ, ಹೊಡೆತ ಬೆಣ್ಣೆ ಥರ ಆಗುತ್ತೆ.' ಅವನು ಕೇಳಿದ್ದು ಇದೊಂದೇ ಪ್ರಶ್ನೆ. ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ ಅಂತ ಆಗ ನನಗೆ ಗೊತ್ತಿರಲಿಲ್ಲ.

ಶಾಫ್ಟ್ ಬಂತು. ಎರಡು ಸುತ್ತು ಸಲೀಸಾಗಿ ಹೋಯಿತು, ಆಮೇಲೆ ಬಿಗಿಯಿತು. ಮತ್ತೆ ಫೋನ್ ಮಾಡಿದೆ. 'ಹೊಸದಲ್ವಾ, ಹಾಗೇ ಇರುತ್ತೆ. ಗಟ್ಟಿಯಾಗಿ ತಿರುಗಿಸಿ' ಅಂದ. ಬಟ್ಟೆ ಸುತ್ತಿ ಶಕ್ತಿ ಹಾಕಿ ತಿರುಗಿಸಿದೆ. ಕಿರ್ ಅಂತ ಒಂದು ಸದ್ದು. ಬಿಚ್ಚಿ ನೋಡಿದರೆ ಪಿನ್ನಿನ ಸುತ್ತ ಹಿತ್ತಾಳೆಯ ಪುಡಿ, ಅರಿಶಿನ ಉದುರಿಸಿದ ಹಾಗೆ. ಬೆರಳಿಗೆ ಅಂಟಿತು. ಶಾಫ್ಟಿನೊಳಗೆ ಬೆಳಕು ಬಿಟ್ಟು ನೋಡಿದೆ. ಥ್ರೆಡ್ ಇರಬೇಕಾದ ಜಾಗ ಅರ್ಧದಷ್ಟು ನುಣ್ಣಗಾಗಿತ್ತು. ಹೊಸ ಕಾಲರಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು.

ಬನ್ನಿಮಂಟಪದ ಕಡೆ ಒಂದು ಲೇತ್ ವರ್ಕ್‌ಶಾಪಿಗೆ ಎರಡನ್ನೂ ತೆಗೆದುಕೊಂಡು ಹೋದೆ. ಯಜಮಾನರು ಪೂಲ್ ಟೇಬಲ್ಲನ್ನೇ ನೋಡಿದವರಲ್ಲ. ಡ್ರಾಯರಿನಿಂದ ಪಿಚ್ ಗೇಜ್ ತೆಗೆದರು. ಸಣ್ಣ ಗರಗಸದಂಥ ಎಲೆಗಳನ್ನು ಒಂದೊಂದಾಗಿ ಪಿನ್ನಿಗೆ ಇಟ್ಟು ನೋಡಿದರು. ಒಂದು ನಿಮಿಷವೂ ಆಗಲಿಲ್ಲ. 'ದಪ್ಪ ಒಂದೇ ಸಾರ್, ಹಲ್ಲು ಬೇರೆ. ನಿಮ್ಮ ಪಿನ್ನಲ್ಲಿ ಇಂಚಿಗೆ 14, ಇದರೊಳಗೆ 18. ಹೆಂಗೆ ಕೂರುತ್ತೆ?'

ಅಷ್ಟೇ ವಿಷಯ. 5/16 ಅನ್ನುವುದು ಇಂಚಿನ ಲೆಕ್ಕದಲ್ಲಿ ಪಿನ್ನಿನ ದಪ್ಪ ಮಾತ್ರ, ಸುಮಾರು 8 ಮಿಲಿಮೀಟರ್. ಅದೇ ದಪ್ಪದಲ್ಲಿ ಇಂಚಿಗೆ 14 ಥ್ರೆಡ್ಡಿನದೂ ಇದೆ, 18ರದೂ ಇದೆ. ಕಣ್ಣಿಗೆ ಎರಡೂ ಒಂದೇ. ಮರಕ್ಕೆ ಮರ ಕೂರುವ ಕ್ಯೂಗಳಲ್ಲಿ ಹೆಚ್ಚಾಗಿ ಸಿಗುವ 3/8 ಇಂಚಿನ, 10 ಥ್ರೆಡ್ಡಿನ ಪಿನ್ ಬೇರೆಯದೇ. ದಪ್ಪ ಮತ್ತು ಥ್ರೆಡ್ ಎರಡೂ ಸಂಖ್ಯೆ ಹೇಳದವನ ಹತ್ತಿರ ಶಾಫ್ಟ್ ತಗೊಳ್ಳಲೇಬೇಡಿ. ಸಂಖ್ಯೆ ಹೊಂದಿದರೂ ಆ ಸಣ್ಣ ಕುತ್ತಿಗೆಯ ಅಳತೆ ಹೊಂದಬೇಕು. ಕೈಯಲ್ಲಿ ತಿರುಗಿಸಿದರೆ ಸಲೀಸಾಗಿ ಹೋಗಬೇಕು, ಕೊನೆಯ ಸುತ್ತಿನಲ್ಲಿ ಮಾತ್ರ ಬಿಗಿಯಬೇಕು. ನಡುವೆಯೇ ಬಿಗಿದರೆ ಅಲ್ಲೇ ನಿಲ್ಲಿಸಿ.

ಹೊಸ ಶಾಫ್ಟ್ ಹೋಯಿತು ಅಂದರೆ ಅಲ್ಲಿಗೇ ಮುಗಿಯಲಿಲ್ಲ. ನಾನು ಹಾಕಿದ ಶಕ್ತಿಗೆ ಬಟ್ಟಿನ ಪಿನ್ ಅಂಟಿನಿಂದ ಸ್ವಲ್ಪ ಅಲುಗಿತ್ತು. ಈಗ ನನ್ನ ಹಳೆಯ ಶಾಫ್ಟ್ ಹಾಕಿದರೂ ಒಂದು ಪಕ್ಕದಲ್ಲಿ ಸಣ್ಣ ಸಂದು. ಕ್ಯೂ ಎತ್ತಿ ಬೆಳಕಿಗೆ ಹಿಡಿದರೆ ಕಾಣುತ್ತದೆ. ಹೊಡೆದಾಗ ಝುಂ ಅಂತ ನಡುಗು ಕೈಗೆ ಬರುತ್ತದೆ. ಫೀಲ್ ಹುಡುಕಿಕೊಂಡು ಹೋಗಿ ಇದ್ದ ಫೀಲನ್ನೂ ಕಳೆದುಕೊಂಡೆ.

ಇಷ್ಟೆಲ್ಲ ಆದ ಮೇಲೆ ಒಂದು ಪರೀಕ್ಷೆ ಮಾಡಿದೆವು. ಇದನ್ನು ಮೊದಲೇ ಮಾಡಿದ್ದರೆ ಒಂದು ರೂಪಾಯಿಯೂ ಖರ್ಚಾಗುತ್ತಿರಲಿಲ್ಲ. ಗೆಳೆಯನದು ಮರಕ್ಕೆ ಮರ ಕೂರುವ ಕ್ಯೂ, ಇನ್ನೊಬ್ಬನದು ಸ್ಟೀಲ್ ಜಾಯಿಂಟ್. ಎರಡಕ್ಕೂ ಬಾಲಿಗೆ ತಾಗುವ ತುದಿಯಲ್ಲಿ ಒಂದೇ ಬಗೆಯ, ಪದರ ಪದರದ ಚರ್ಮದ ಟಿಪ್. ಕಿವಿಗೆ ಹತ್ತಿ, ಕಣ್ಣಿಗೆ ಕರ್ಚೀಫ್. ಅವನು ಕ್ಯೂ ಕೈಗೆ ಕೊಡೋದು, ನಾನು ನೇರ ಹೊಡೆಯೋದು. ಜಾಯಿಂಟ್ ಮುಟ್ಟಬಾರದು. ಹತ್ತು ಹೊಡೆತದಲ್ಲಿ ಯಾವುದು ಸ್ಟೀಲ್ ಅಂತ ಐದು ಸಲ ಸರಿಯಾಗಿ ಹೇಳಿದೆ. ಕಣ್ಣು ಮುಚ್ಚಿ ನಾಣ್ಯ ಎಸೆದರೂ ಅಷ್ಟೇ ಬರುತ್ತಿತ್ತು. ಹತ್ತಿ ತೆಗೆದ ತಕ್ಷಣ ಫರಕು ಗೊತ್ತಾಯಿತು. ಒಂದರದು ಠಕ್, ಇನ್ನೊಂದರದು ಟೊಕ್. ನಾವು ಕೈಯಲ್ಲಿ ಸಿಗುತ್ತೆ ಅಂದುಕೊಂಡ ಎಷ್ಟೋ ಫೀಲ್ ಕಿವಿಯಿಂದ ಬಂದದ್ದು.

ಟಿಪ್ಪಿಗೂ ಬಾಲಿಗೂ ತಾಗುವ ಹೊತ್ತು ಹೆಚ್ಚುಕಡಿಮೆ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ. ಆ ಕ್ಷಣದಲ್ಲಿ ದೊಡ್ಡ ಕೆಲಸ ಟಿಪ್ಪಿನದು, ಅದರ ಕೆಳಗಿನ ಸಣ್ಣ ಬಳೆಯಂಥ ಫೆರೂಲಿನದು, ಶಾಫ್ಟ್ ಎಷ್ಟು ಸಣ್ಣಗಾಗುತ್ತಾ ಬರುತ್ತದೆ ಅನ್ನುವುದರದು. 58 ಇಂಚಿನ ಕ್ಯೂನಲ್ಲಿ ಜಾಯಿಂಟ್ ಇರುವುದು ಟಿಪ್ಪಿನಿಂದ 29 ಇಂಚು ದೂರ. ಜಾಯಿಂಟಿಗೆ ಏನೂ ಪಾತ್ರ ಇಲ್ಲ ಅನ್ನುತ್ತಿಲ್ಲ. ಸ್ಟೀಲ್ ಕಾಲರ್ ಭಾರ, ಹಾಗಾಗಿ ಕ್ಯೂವಿನ ತೂಕ ಮುಂದಕ್ಕೆ ಸರಿಯುತ್ತದೆ. ಬೆರಳ ಮೇಲೆ ಕ್ಯೂ ತೂಗಿಸಿ ನೋಡಿ, ತಿಳಿಯುತ್ತದೆ. ಮುಂದೆ ಭಾರ ಇದ್ದರೆ ಕೆಲವರಿಗೆ ಕೈ ನಿಲ್ಲುತ್ತದೆ, ಕೆಲವರಿಗೆ ಬೇಜಾರು. ಆದರೆ ಅದು ತೂಕದ ಮಾತು, ಸ್ಟೀಲ್ ಗಟ್ಟಿ, ಮರ ಮೆತ್ತಗೆ ಅನ್ನುವ ಮಾತಲ್ಲ. ಸ್ನೂಕರ್ ಕ್ಯೂಗಳ ಜಾಯಿಂಟ್ ಸಾಮಾನ್ಯವಾಗಿ ಹಿತ್ತಾಳೆಯದು. ಅದನ್ನು ಯಾರೂ ಗಟ್ಟಿ ಅಂತ ಬೈಯುವುದನ್ನು ನಾನು ಕೇಳಿಲ್ಲ.

ನಿಮ್ಮ ಕ್ಯೂ ಗಟ್ಟಿ ಅನ್ನಿಸಿದರೆ ಮೊದಲು ಟಿಪ್ ಬದಲಾಯಿಸಿ. ಮೆತ್ತನೆಯ ಟಿಪ್ ಹಾಕಿಸಲು ಆಗುವ ಖರ್ಚು ಒಂದು ಶಾಫ್ಟಿನ ಮುಂದೆ ಏನೇನೂ ಅಲ್ಲ. ಹಳೆಯ ಕ್ಯೂ ಕೊಳ್ಳುವಾಗ ಶಾಫ್ಟ್, ಬಟ್ ಎರಡನ್ನೂ ಬೇರೆ ಬೇರೆ ಟೇಬಲ್ ಮೇಲೆ ಉರುಳಿಸಿ, ಆಮೇಲೆ ಜೋಡಿಸಿ ಉರುಳಿಸಿ. ಬೇರೆಯಾಗಿ ನೇರ, ಜೋಡಿಸಿದರೆ ಕುಣಿತ ಅಂದರೆ ಜಾಯಿಂಟಿನ ಮುಖ ಸೊಟ್ಟ ಇದೆ ಅಂತ ಅನುಮಾನಿಸಿ. ಬಟ್ಟನ್ನು ಸಡಿಲವಾಗಿ ಹಿಡಿದು ಮುಷ್ಟಿಯಿಂದ ಮೆಲ್ಲಗೆ ತಟ್ಟಿ ಸದ್ದು ಕೇಳಿ. ಝಿರ್ ಅಂದರೆ ಬೇಡ. ಮಳೆಗಾಲದಲ್ಲಿ ಕ್ಯೂವನ್ನು ಸ್ಕೂಟರಿನಲ್ಲಿ ಒದ್ದೆ ಮಾಡಿಕೊಂಡು ಬಂದು ಜೋಡಿಸಬೇಡಿ. ಮರಕ್ಕೆ ಮರ ಕೂರುವ ಜಾಯಿಂಟು ತೇವ ಹೀರಿದರೆ ಊದಿಕೊಂಡು ಬಿಗಿಯುತ್ತದೆ.

ಮಾರಿದವನು ದುಡ್ಡು ವಾಪಸ್ ಕೊಡಲಿಲ್ಲ, 'ನೀವೇ ಜಾಸ್ತಿ ಬಿಗಿ ಮಾಡಿದ್ರಿ' ಅಂದ. ಆ ಶಾಫ್ಟ್ ಇನ್ನೂ ನನ್ನ ಬ್ಯಾಗಿನಲ್ಲಿದೆ. ಪಾರ್ಲರಿನಲ್ಲಿ ಯಾರಾದರೂ ಶಾಫ್ಟ್ ತರಿಸುವ ಮಾತೆತ್ತಿದರೆ ಮೊಬೈಲ್ ಟಾರ್ಚ್ ಹಾಕಿ ಅದರೊಳಗಿನ ಸವೆದ ಹಿತ್ತಾಳೆ ತೋರಿಸುತ್ತೇನೆ. ಹೋದ ವಾರ ಒಬ್ಬ ಹುಡುಗ ಅದನ್ನು ನೋಡಿ, ಅಲ್ಲೇ ಫೋನ್ ಮಾಡಿ 'ಥ್ರೆಡ್ ಎಷ್ಟು?' ಅಂತ ಕೇಳಿದ.